ನಡುವಿನವಳಿಗೆ

ಪ್ರೀತಿಯ ಪುಟ್ಟಿ,

ಫೋನಿನಲ್ಲಿ ಹೇಳೋಕೆ ಹೋಗಿ ಎರಡು ಸಲ ಬೇರೆ ಮಾತಿಗೆ ಹೊರಳಿಬಿಟ್ಟೆ. ಅದಕ್ಕೇ ಬರೆಯುತ್ತಿದ್ದೇನೆ.

ಈ ಸಲ ವಾರ್ಷಿಕೋತ್ಸವಕ್ಕೆ ಆರು, ಏಳು, ಎಂಟನೇ ಕ್ಲಾಸಿನ ಮಕ್ಕಳಿಂದ ಹಳೆಯ ಸಂಸ್ಕೃತ ನಾಟಕಕಾರ ಭಾಸನ 'ಮಧ್ಯಮ ವ್ಯಾಯೋಗ' ಮಾಡಿಸುತ್ತಿದ್ದೇನೆ. ಒಂದೇ ಅಂಕದ ನಾಟಕ. ನಲವತ್ತು ನಿಮಿಷದಲ್ಲಿ ಮುಗಿಯುತ್ತೆ, ಕಾಡು ಇದೆ, ರಾಕ್ಷಸ ಇದ್ದಾನೆ, ಕುಸ್ತಿ ಇದೆ, ಈ ವಯಸ್ಸಿನವರಿಗೆ ಇನ್ನೇನು ಬೇಕು ಅಂತ ಆರಿಸಿಕೊಂಡೆ. ನಿಜ ಹೇಳಬೇಕೆಂದರೆ ಆರಿಸುವಾಗ ನಿನ್ನ ನೆನಪೇ ಬರಲಿಲ್ಲ.

ಕಥೆ ನಿನಗೆ ಗೊತ್ತಿರಲಿಕ್ಕಿಲ್ಲ, ಯಾಕೆಂದರೆ ಇದು ಮಹಾಭಾರತದಲ್ಲಿ ಇಲ್ಲ, ಭಾಸ ತಾನೇ ಕಟ್ಟಿದ್ದು. ಒಬ್ಬ ಮುದುಕ ಬ್ರಾಹ್ಮಣ, ಅವನ ಹೆಂಡತಿ, ಮೂವರು ಗಂಡುಮಕ್ಕಳು ಉಪನಯನಕ್ಕೆ ಅಂತ ಕಾಡಿನ ದಾರಿಯಲ್ಲಿ ಹೊರಟಿರುತ್ತಾರೆ. ಘಟೋತ್ಕಚ ಅಡ್ಡ ಹಾಕುತ್ತಾನೆ. ಅಮ್ಮ ಹಿಡಿಂಬೆ ಉಪವಾಸ ಬಿಡಬೇಕು, ಅವಳಿಗೊಬ್ಬ ಮನುಷ್ಯ ಬೇಕು, ನಿಮ್ಮಲ್ಲಿ ಒಬ್ಬರನ್ನು ಕೊಟ್ಟರೆ ಉಳಿದವರು ಹೋಗಬಹುದು ಅಂತಾನೆ. ಮುದುಕ ನಾನು ಬರ್ತೀನಿ ಅಂತಾನೆ, ಬೇಡ. ಹೆಂಡತಿ ನಾನು ಅಂತಾಳೆ, ಬೇಡ. ಆಮೇಲೆ ಮಕ್ಕಳು ಮೂವರೂ ನಾನು ನಾನು ಅಂತ ಮುಂದೆ ಬರುತ್ತಾರೆ. ಅಪ್ಪ ದೊಡ್ಡವನನ್ನು ಬಿಡಲಾರೆ ಅಂತಾನೆ. ಅಮ್ಮ ಚಿಕ್ಕವನನ್ನು ಬಿಡಲಾರೆ ಅಂತಾಳೆ. ಉಳಿದವನು ನಡುವಿನವನು.

ಇಲ್ಲಿಗೆ ಬಂದಾಗ ಕ್ಲಾಸು ಗಲಾಟೆಗೆ ಬಿತ್ತು. ಇದು ಅನ್ಯಾಯ ಅಂತ ಅರ್ಧ ಜನ. ಅವನು ಒಪ್ಪಿಕೊಂಡಿದ್ದೇ ತಪ್ಪು ಅಂತ ಇನ್ನರ್ಧ. ಐತರೇಯ ಬ್ರಾಹ್ಮಣ ಅನ್ನುವ ವೇದಕಾಲದ ಗ್ರಂಥದಲ್ಲಿ ಇದಕ್ಕಿಂತ ಹಳೆಯ ಒಂದು ಕಥೆ ಇದೆ ಅಂತ ಹೇಳಿದೆ, ಅಜೀಗರ್ತನ ನಡುವಿನ ಮಗ ಶುನಃಶೇಪ. ಅಲ್ಲೂ ಅಪ್ಪ ದೊಡ್ಡವನನ್ನು ಬಿಡಲಿಲ್ಲ, ಅಮ್ಮ ಚಿಕ್ಕವನನ್ನು ಬಿಡಲಿಲ್ಲ, ನಡುವಿನವನನ್ನು 100 ಹಸುಗಳಿಗೆ ಬಲಿಗೆ ಮಾರಿದರು. ಗಲಾಟೆ ನಿಂತೇಹೋಯಿತು. ಹಿಂದಿನ ಬೆಂಚಿನ ಒಂದು ಹುಡುಗಿ ಮೆಲ್ಲಗೆ, "ಟೀಚರ್, ನಾನೂ ನಡುವಿನವಳೇ" ಅಂದಳು. ಅವಳಿಗೇ ಆ ಪಾತ್ರ ಕೊಟ್ಟೆ.

ತಾಲೀಮು ಹೇಗೆ ನಡೆಯುತ್ತೆ ಅಂತ ನೀನು ನೋಡಬೇಕಿತ್ತು. ಮಧ್ಯಾಹ್ನದ ಊಟ ಆದ ಮೇಲೆ ಬಾಗಿಲು ಮುಚ್ಚಿಕೊಂಡು ಒಂದು ಗಂಟೆ. ಮೊದಲ ವಾರ ಮಾತು ಬಾಯಿಪಾಠ ಮಾಡಿಸಲೇ ಇಲ್ಲ, ಸುಮ್ನೆ ನಡೆಸಿದೆ. ಹಳೆಯ ಸಂಸ್ಕೃತ ನಾಟಕಗಳಲ್ಲಿ ರಂಗಕ್ಕೆ ಒಂದು ಸುತ್ತು ಹಾಕಿದರೆ ಬೇರೆ ಜಾಗಕ್ಕೆ ಹೋದ ಹಾಗೆ ಲೆಕ್ಕ. ದೊಡ್ಡವರಿಗೆ ಇದನ್ನು ವಿವರಿಸಬೇಕು, ಮಕ್ಕಳಿಗೆ ಬೇಕಿಲ್ಲ, ಅವರ ಆಟದಲ್ಲಿ ಇದು ಮೊದಲೇ ಇದೆ. ಮರ ಕಿತ್ತು ಹೊಡೆಯುವುದು, ಬೆಟ್ಟದ ತುದಿ ಎತ್ತಿ ಎಸೆಯುವುದು ಇದೆಯಲ್ಲ ಭೀಮ-ಘಟೋತ್ಕಚರ ಜಗಳದಲ್ಲಿ, ಅದಕ್ಕೆ ಆರನೇ ಕ್ಲಾಸಿನವರೇ ಮರ, ಅವರೇ ಬೆಟ್ಟ. ಮಾಯಾಪಾಶಕ್ಕೆ ಬಾವಿಯ ಹಗ್ಗ. ಹಿಡಿಂಬೆಯ ಹುಡುಗಿ ಮನೆಯಲ್ಲಿ ಯಕ್ಷಗಾನ ನೋಡಿ ಬೆಳೆದವಳು. ಅದರಲ್ಲಿನ ಹೆಣ್ಣುಬಣ್ಣದ, ಅಂದರೆ ರಾಕ್ಷಸಿ ವೇಷದ ಹಾಗೆ ತೆರೆ ಹಿಡಿದುಕೊಂಡೇ ಬರ್ತೀನಿ ಅಂತ ಹಟ ಹಿಡಿದಳು, ಬಿಟ್ಟೆ, ಅವಳು ಹೇಳಿದ್ದೇ ಸರಿ. ಘಟೋತ್ಕಚ ಮಾಡುವ ಎಂಟನೆಯವನಿಗೆ ಗಂಟಲು ಒಡೆಯುವ ವಯಸ್ಸು, ಕೂಗಿದರೆ ಸ್ವರ ಮೇಲಕ್ಕೆ ಜಾರುತ್ತೆ, ಉಳಿದವರು ನಗುತ್ತಾರೆ, ಅವನು ಎರಡು ದಿನ ತಾಲೀಮಿಗೇ ಬರಲಿಲ್ಲ. ಕೊನೆಗೆ ಅವನು ಕೂಗುವಾಗೆಲ್ಲ ಮೇಳದ ಹತ್ತು ಮಕ್ಕಳೂ ಜೊತೆಗೆ ಕೂಗುವ ಹಾಗೆ ಮಾಡಿದೆ. ಈಗ ಇಡೀ ಕಾಡೇ ಕರೆದ ಹಾಗೆ ಕೇಳಿಸುತ್ತೆ.

ಆ ಕೂಗೇ ನಾಟಕದ ಜೀವ. ನಡುವಿನವನು ಹೊರಡುವ ಮೊದಲು ಬಾಯಾರಿಕೆ, ಅಲ್ಲಿ ಕೊಳದಲ್ಲಿ ನೀರು ಕುಡಿದು ಬರ್ತೀನಿ ಅಂತ ಕೇಳಿ ಹೋಗುತ್ತಾನೆ. ಬರುವುದು ತಡವಾಗುತ್ತೆ. ಅಮ್ಮನ ಊಟದ ಹೊತ್ತು ಮೀರುತ್ತೆ ಅಂತ ಘಟೋತ್ಕಚ ಅವನ ಹೆಸರು ಕೇಳುತ್ತಾನೆ. ಅಪ್ಪನ ಬಾಯಿಂದ ಹೆಸರು ಬರುವುದಿಲ್ಲ. ಅವನನ್ನು 'ಮಧ್ಯಮ' ಅಂತ ಕರೀತೀವಿ ಅಂತ ಅಣ್ಣ ಹೇಳುತ್ತಾನೆ. 'ಮಧ್ಯಮ, ಬೇಗ ಬಾ' ಅಂತ ಘಟೋತ್ಕಚ ಕಾಡಿಗೆಲ್ಲ ಕೇಳುವ ಹಾಗೆ ಕೂಗುತ್ತಾನೆ. ಹತ್ತಿರದಲ್ಲೇ ಇದ್ದ ಇನ್ನೊಬ್ಬ ಮಧ್ಯಮ, ಭೀಮ, ನನ್ನನ್ನು ಯಾರು ಕರೆದದ್ದು ಅಂತ ಬರುತ್ತಾನೆ. "ಐದು ಜನರಲ್ಲಿ ನಡುವಿನವನು ಅರ್ಜುನ ಅಲ್ವಾ ಟೀಚರ್?" ಅಂತ ಒಬ್ಬ ಪಟ್ಟನೆ ಕೇಳಿದ. ಎಷ್ಟು ಒಳ್ಳೆಯ ಪ್ರಶ್ನೆ! ಕುಂತಿಯ ಮೂವರಲ್ಲಿ ಲೆಕ್ಕ ಹಾಕು ಅಂದೆ.

ಈಗ ಕೊಳದ ವಿಷಯ. ರಂಗದ ಮೂಲೆಗೆ ಒಂದು ನೀಲಿ ಸೀರೆ ಹಾಸಿದ್ದೇನೆ, ಅದೇ ಕೊಳ. ಆ ಹುಡುಗಿ ಅದರ ಅಂಚಿಗೆ ಬಂದು ಕೂತಳು. ಕಾಲು ತೊಳೆದಳು, ಮೊದಲು ಎಡಗಾಲು, ಆಮೇಲೆ ಬಲಗಾಲು, ಹಿಮ್ಮಡಿಯ ಬಿರುಕನ್ನು ಹೆಬ್ಬೆರಳಿನಿಂದ ಉಜ್ಜಿದಳು. ಎರಡೂ ಕೈ ಜೋಡಿಸಿ ಬೊಗಸೆ ಮಾಡಿ ನೀರು ತುಂಬಿದಳು, ಕುಡಿಯಲಿಲ್ಲ, ಬೆರಳ ಸಂದಿಯಿಂದ ಎಲ್ಲಾ ಸೋರಿಹೋಗುವವರೆಗೂ ನೋಡುತ್ತಾ ಕೂತಳು. ಮತ್ತೆ ತುಂಬಿದಳು. ಬರೀ ಬಟ್ಟೆ ಪುಟ್ಟಿ, ಒಂದು ಹನಿ ನೀರಿಲ್ಲ, ಆದರೂ ಸೋರುತ್ತಿದ್ದುದು ನನಗೆ ಕಂಡಿತು. ಬೇಗ ಬೇಗ, ದೃಶ್ಯ ಎಳೆಯಬೇಡ ಅಂದೆ. ಅವಳು ತಲೆ ಎತ್ತದೇ ಹೇಳಿದಳು, "ಟೀಚರ್, ಇವನಿಗೆ ಏಳೋಕೆ ಮನಸ್ಸಿಲ್ಲ. ತಡ ಮಾಡಿದ್ರೆ ತಾನೇ ಅವನು ಕೂಗೋದು? ಕೂಗಿದ್ರೆ ತಾನೇ ಭೀಮ ಬರೋದು?"

ಎಷ್ಟೋ ಸಲ ಓದಿದ ನಾಟಕ. ಇದು ನನಗೆ ಹೊಳೆದಿರಲಿಲ್ಲ. ಬಾಯಲ್ಲಿ ಬರ್ತೀನಿ ಅಂದ ಹುಡುಗನಿಗೆ ಹೋಗುವ ಆಸೆ ಇರಲಿಲ್ಲ, ಅವನ ತಡವೇ ಅವನನ್ನು ಉಳಿಸಿತು.

ಅದೇ ವಾರ ಅಮ್ಮನ ಪಾತ್ರದ ಹುಡುಗಿ ಬಂದು ಕೇಳಿದಳು. "ಚಿಕ್ಕವನನ್ನ ಕೊಡಲ್ಲ ಅಂತ ಹೇಳುವಾಗ ನಾನು ಯಾರ ಮುಖ ನೋಡಬೇಕು?" ನಾಳೆ ಹೇಳ್ತೀನಿ ಅಂದೆ. ನಾಳೆಯೂ ಹೇಳಲಿಲ್ಲ.

ನೀನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ನನಗೆ ವರ್ಗ ಆಯ್ತಲ್ಲ, ಆ ಬಸ್ಸೂ ಸರಿಯಾಗಿಲ್ಲದ ಊರಿಗೆ. ಅಪ್ಪನ ಕೆಲಸ ಇನ್ನೊಂದು ಕಡೆ. ಮೂವರನ್ನೂ ಇಟ್ಟುಕೊಂಡು ನಡೆಸೋಕೆ ಆಗಲ್ಲ, ಒಬ್ಬರನ್ನು ಅಜ್ಜಿಯ ಹತ್ತಿರ ಬಿಡೋಣ ಅಂತಾಯ್ತು. ಅಕ್ಕನಿಗೆ ಓದು ಕೆಡುತ್ತೆ. ತಮ್ಮ ಇನ್ನೂ ಚಿಕ್ಕವನು. ನೀನು ಹೊಂದ್ಕೊಳ್ತೀಯ. ಈ ಮೂರು ಮಾತನ್ನು ನಾವು ಅಡಿಗೆಮನೆಯಲ್ಲಿ ನಿಂತು ಆಡಿದ್ದು, ನೀನು ಬಾಗಿಲ ಹತ್ತಿರವೇ ಇದ್ದೆ ಅಂತ ಆಮೇಲೆ ಗೊತ್ತಾಯ್ತು. ನೀನು ಕೇಳಿದ್ದು ಒಂದೇ, "ಅಲ್ಲಿ ನನ್ನ ಬ್ರಶ್ ಇಡೋಕೆ ಜಾಗ ಇದ್ಯಾ?" ಬ್ಯಾಗು ನೀನೇ ತುಂಬಿಕೊಂಡೆ. ಎರಡು ವರ್ಷ ಇದ್ದೆ. ಅಳಲೇ ಇಲ್ಲ, ಎಷ್ಟು ಜಾಣೆ ಅಂತ ಬಂದವರಿಗೆಲ್ಲ ಹೇಳಿಕೊಂಡು ತಿರುಗಿದೆ. ಆ ಹೊಗಳಿಕೆಯಿಂದ ಸಮಾಧಾನ ಆಗಿದ್ದು ನಮಗೆ, ನಿನಗಲ್ಲ. ನಾಟಕದಲ್ಲೂ ನಡುವಿನವನು ಒಪ್ಪಿಕೊಂಡ ಕೂಡಲೇ ರಾಕ್ಷಸ ಅವನನ್ನು ಮೆಚ್ಚಿಕೊಳ್ಳುತ್ತಾನೆ. ತಾಲೀಮಿನಲ್ಲಿ ಆ ಮಾತು ಬಂದಾಗೆಲ್ಲ ನನಗೆ ಕೂತಲ್ಲಿ ಕೂರೋಕೆ ಆಗಲ್ಲ.

ಅಜ್ಜಿಯ ಮನೆಯ ಗೇಟಿನಲ್ಲಿ ನಿನ್ನನ್ನು ಬಿಟ್ಟು ಹೊರಟಾಗ ನಾನು ಯಾರ ಮುಖ ನೋಡುತ್ತಿದ್ದೆ ಗೊತ್ತಾ? ತಮ್ಮನ ಟೋಪಿಯ ದಾರ ಕಟ್ಟುತ್ತಿದ್ದೆ. ಒಂದು ಸಲ ಕಟ್ಟಿದ್ದನ್ನು ಬಿಚ್ಚಿ ಮತ್ತೆ ಕಟ್ಟಿದೆ. ತಲೆ ಎತ್ತಿದರೆ ನೀನು ಕಾಣಿಸ್ತೀಯ ಅಂತ.

ಮೂರನೇ ದಿನ ಆ ಹುಡುಗಿಗೆ ಹೇಳಿದೆ: ಯಾರ ಮುಖವನ್ನೂ ನೋಡಬೇಡ, ಚಿಕ್ಕವನ ಅಂಗಿಯ ಗುಂಡಿ ಹಾಕುತ್ತಾ ಮಾತು ಹೇಳು. ಅವಳು ಹಾಗೇ ಮಾಡಿದಳು. ಇಡೀ ಕ್ಲಾಸು ಸದ್ದಿಲ್ಲದೆ ನೋಡುತ್ತಿತ್ತು. ಯಾಕೆ ಹಾಗೆ ಅಂತ ಯಾರೂ ಕೇಳಲಿಲ್ಲ.

ನಾನು ತಪ್ಪು ಮಾಡಿದೆ ಪುಟ್ಟಿ. ಬೇರೆ ದಾರಿ ಇರಲಿಲ್ಲ ಅನ್ನುವುದು ಬೇರೆ ಮಾತು, ಇರಲಿಲ್ಲವೇನೋ. ಆದರೆ ನಿನ್ನನ್ನು ಕೂರಿಸಿಕೊಂಡು ನಿನಗೆ ಹೋಗೋಕೆ ಇಷ್ಟ ಇದೆಯಾ ಅಂತ ಒಂದು ಮಾತು ಕೇಳಬಹುದಿತ್ತು. ಇಲ್ಲ ಅನ್ನೋಕೆ ನಿನಗೆ ಅವಕಾಶ ಕೊಡಬೇಕಿತ್ತು.

ಇನ್ನೊಂದು ಹೇಳಬೇಕು. ಭಾಸನ ಹೆಸರನ್ನು ಕಾಳಿದಾಸ ತನ್ನ 'ಮಾಲವಿಕಾಗ್ನಿಮಿತ್ರ'ದ ಶುರುವಿನಲ್ಲೇ ಗೌರವದಿಂದ ಹೇಳಿದ್ದಾನೆ. ಆದರೂ ಅವನ ನಾಟಕಗಳು ನೂರಾರು ವರ್ಷ ವಿದ್ವಾಂಸರ ಕಣ್ಣಿಗೇ ಬಿದ್ದಿರಲಿಲ್ಲ. 1909ರಲ್ಲಿ ಟಿ. ಗಣಪತಿ ಶಾಸ್ತ್ರಿಗಳಿಗೆ ಪದ್ಮನಾಭಪುರದ ಹತ್ತಿರ ಮಲಯಾಳಂ ಲಿಪಿಯ ತಾಳೆಗರಿಗಳಲ್ಲಿ ಸಿಕ್ಕವು, 1912ರಿಂದ ತಿರುವನಂತಪುರದಲ್ಲಿ ಅಚ್ಚಾದವು, ಒಟ್ಟು 13. ಇದನ್ನು ಹೇಳಿದಾಗ ನಮ್ಮ ಭೀಮ, ಗದೆ ಹೆಗಲ ಮೇಲೆ ಇಟ್ಟುಕೊಂಡೇ, "ಅಷ್ಟು ದಿನ ಒಳಗೇ ಕೂತಿತ್ತಾ, ಯಾರೂ ಕರೀಲಿಲ್ವಾ?" ಅಂತ ಕೇಳಿದ. ಅವತ್ತು ರಾತ್ರಿಯೇ ಈ ಪತ್ರ ಶುರು ಮಾಡಿದ್ದು.

ನಾಟಕ ಬರುವ ಶನಿವಾರ ಸಂಜೆ ಆರೂವರೆಗೆ. ಶಾಲೆಯ ಅಂಗಳದಲ್ಲೇ, ಮೈಕಿಲ್ಲ, ಮುಂದೆ ಕೂತರೆ ಚೆನ್ನಾಗಿ ಕೇಳಿಸುತ್ತೆ. ರಜೆ ಸಿಕ್ಕರೆ ಬಾ. ಬರೋಕೆ ಮನಸ್ಸಿಲ್ಲದಿದ್ದರೆ ರಜೆ ಸಿಗಲಿಲ್ಲ ಅನ್ನಬೇಡ, ಮನಸ್ಸಿಲ್ಲ ಅಂತಲೇ ಹೇಳು, ನಾನು ಕೇಳಿಸಿಕೊಳ್ತೀನಿ.

ಕೊಳಕ್ಕೆ ಹಾಸಿರುವುದು ಅಜ್ಜಿಯ ನೀಲಿ ಸೀರೆ. ಆ ಎರಡು ವರ್ಷ ನೀನು ಅದನ್ನೇ ಹೊದ್ದು ಮಲಗುತ್ತಿದ್ದೆ ಅಂತ ಅಜ್ಜಿ ಹೇಳುತ್ತಿದ್ದರು. ಮಕ್ಕಳ ಕಾಲಿನ ಮಣ್ಣು ಹತ್ತಿದೆ. ನಾಟಕ ಮುಗಿದ ಮೇಲೆ ಒಗೆದು ಇಟ್ಟಿರುತ್ತೇನೆ, ಅದು ನಿನ್ನದು.

ಅಮ್ಮ