ಎರಡೂ ಇರಲಿ, ಸಹನಾ

ಪ್ರೀತಿಯ ಸಹನಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ಫೋನಿನಲ್ಲಿ ಇಷ್ಟುದ್ದ ಟೈಪ್ ಮಾಡೋದು ನನ್ನ ಕೈಲಾಗದು, ಅದಕ್ಕೇ ಕಾಗದ. ಪದ್ಯವೂ ಬೇಕು, ಚಿತ್ರಗಳ ಬಗ್ಗೆ ಬರೆಯೋದೂ ಬೇಕು ಅಂದರೆ ಎರಡು ದೋಣಿಯಲ್ಲಿ ಕಾಲಿಟ್ಟ ಹಾಗೆ ಅಂತ ನಿಮ್ಮ ಮೇಷ್ಟ್ರು ಅಂದರಂತೆ. ನಿನ್ನಪ್ಪ ಎರಡನ್ನೂ ಬದಿಗಿಟ್ಟು ಕಂಪನಿ ಕೆಲಸಕ್ಕೆ ಸೇರು ಅಂತಿದ್ದಾನೆ. ಎರಡಕ್ಕೂ ಉತ್ತರವಾಗಿ ಒಬ್ಬರ ವಿಷಯ ಹೇಳ್ತೀನಿ, ಸಮಾಧಾನವಾಗಿ ಓದು.

ಹೆಸರು ಜಬ್ರಾ ಇಬ್ರಾಹಿಂ ಜಬ್ರಾ. ಅರಬ್ಬಿ ಕವಿ, ಕಾದಂಬರಿಕಾರ, ಕಲಾ ವಿಮರ್ಶಕ. ಬೆತ್ಲೆಹೆಮ್ಮಿನಲ್ಲಿ, ಸಿರಿಯಾಕ್ ಎಂಬ ಹಳೆಯ ಪಂಗಡದ ಬಡ ಕ್ರೈಸ್ತರ ಮನೆಯಲ್ಲಿ ಬೆಳೆದವರು. ಸ್ಕಾಲರ್‌ಶಿಪ್ ಸಿಕ್ಕಿ ಕೇಂಬ್ರಿಜ್‌ವರೆಗೂ ಹೋಗಿ ಓದಿದರು. ವಾಪಸು ಬಂದು ಜೆರುಸಲೇಮಿನಲ್ಲಿ ಪಾಠ ಹೇಳುತ್ತಿದ್ದರು. 1948ರಲ್ಲಿ, ಇಸ್ರೇಲ್ ಹುಟ್ಟಿದ ಸಮಯದ ಯುದ್ಧದಲ್ಲಿ, ಪ್ಯಾಲೆಸ್ತೀನಿನ ಲಕ್ಷಾಂತರ ಜನ ಊರು ಬಿಟ್ಟರಲ್ಲ, ಇವರೂ ಬಿಟ್ಟು ಇರಾಕಿನ ಬಾಗ್ದಾದ್ ಸೇರಿದರು. 1994ರಲ್ಲಿ ತೀರಿಕೊಂಡದ್ದೂ ಅಲ್ಲೇ.

ಬಾಗ್ದಾದಿನಲ್ಲಿ ಆಗ ಒಂದಷ್ಟು ಹುಡುಗ ಕಲಾವಿದರಿದ್ದರು. ಜವಾದ್ ಸಲೀಂ ಅವರ ಮುಂದಾಳು. ಯುರೋಪಿನಲ್ಲಿ ಕಲಿತು ಬಂದವನು, ಆದರೆ ಅಲ್ಲಿಯದನ್ನೇ ನಕಲು ಮಾಡೋಕೆ ಮನಸ್ಸಿಲ್ಲ. ತನ್ನ ನೆಲದ ಹಳೆಯ ಅಸ್ಸೀರಿಯಾ ಸಾಮ್ರಾಜ್ಯದ ಕಲ್ಲಿನ ಕೆತ್ತನೆ, 13ನೇ ಶತಮಾನದ ವಾಸಿತಿ ಎಂಬ ಚಿತ್ರಕಾರ ಪುಸ್ತಕಗಳಿಗೆ ಬರೆದ ಚಿತ್ರ, ಇವೆಲ್ಲ ಅವನಿಗೆ ಬೇಕು. ಇವರೆಲ್ಲ ಸೇರಿ 1951ರಲ್ಲಿ ಬಾಗ್ದಾದ್ ಆಧುನಿಕ ಕಲಾ ಗುಂಪು ಕಟ್ಟಿದರು. ಜಬ್ರಾ ಆ ಗುಂಪಿನ ಒಳಗಿನವರೇ. ತಾವೂ ಚಿತ್ರ ಬರೆಯುತ್ತಿದ್ದರು, ಬರೆದವರ ಜೊತೆ ಜಗಳ ಆಡಬಲ್ಲಷ್ಟು ಸಲಿಗೆ ಇತ್ತು. ಅವರ ವಿಮರ್ಶೆ ಗ್ಯಾಲರಿಗೆ ಒಂದು ಸುತ್ತು ಹಾಕಿ ಬಂದು ಕೂತು ಬರೆದದ್ದಲ್ಲ. ಗೆಳೆಯರನ್ನು ಹೊಗಳೋದರಲ್ಲಿ ಕೈ ಸ್ವಲ್ಪ ಧಾರಾಳ ಅಂತ ನನಗೆ ಅನ್ನಿಸುತ್ತದೆ, ಇರಲಿ ಬಿಡು.

ಬಾಗ್ದಾದಿನ ತಹ್ರೀರ್ ಚೌಕದಲ್ಲಿ ಜವಾದ್ ಮಾಡಿದ ಸ್ವಾತಂತ್ರ್ಯ ಸ್ಮಾರಕವಿದೆ. ಫೋಟೋ ಹುಡುಕಿ ನೋಡು. ಸುಮಾರು 50 ಮೀಟರ್ ಉದ್ದದ ಬಿಳಿ ಫಲಕ ಎತ್ತರದಲ್ಲಿ ನಿಂತಿದೆ, ಅದರ ಮೇಲೆ ಕಂಚಿನ ಮೂರ್ತಿಗಳ 14 ಗುಂಪುಗಳು. ನಾವು ಸಹಜವಾಗಿ ಎಡದಿಂದ ನೋಡ್ತೀವಿ, ಆಗ ಏನೂ ತಿಳಿಯೋದಿಲ್ಲ. ಅರಬ್ಬಿ ಸಾಲಿನ ಹಾಗೆ ಬಲದಿಂದ ಎಡಕ್ಕೆ ಓದಬೇಕು. ಬಲತುದಿಯಲ್ಲಿ ಕೆರಳಿದ ಕುದುರೆ. ಆಮೇಲೆ ಅಳುವ ಹೆಂಗಸು, ಸತ್ತ ಮಗನ ತಾಯಿ, ಸೆರೆಯಾಳು. ನಟ್ಟನಡುವೆ ಕಂಬಿ ಮುರಿದು ನುಗ್ಗುವ ಸೈನಿಕ. ಅಲ್ಲಿಂದಾಚೆ ಮೈಗಳು ನಿಧಾನವಾಗುತ್ತವೆ: ಟೈಗ್ರಿಸ್, ಯುಫ್ರೆಟಿಸ್ ನದಿಗಳು ಇಬ್ಬರು ಹೆಂಗಸರಾಗಿ ನಿಂತಿವೆ, ರೈತರಿದ್ದಾರೆ, ಎತ್ತಿದೆ, ಕೊನೆಗೊಬ್ಬ ಕಾರ್ಮಿಕ. ಪದ್ಯ ಬರೆಯುವವರಿಗೆ ಈ ಏರಿಳಿತ ತಟ್ಟನೆ ಸಿಗುತ್ತದೆ, ಅಲ್ವಾ? ಸ್ಮಾರಕ ಪೂರ್ತಿಯಾಗುವ ಮೊದಲೇ, 1961ರ ಜನವರಿಯಲ್ಲಿ, ಜವಾದ್ ತೀರಿಕೊಂಡ. ಆ ಸ್ಮಾರಕದ ಬಗ್ಗೆ ಜಬ್ರಾ 1974ರಲ್ಲಿ ಒಂದು ಇಡೀ ಪುಸ್ತಕವನ್ನೇ ತಂದರು.

ಪದ್ಯದ ಕಡೆಯೂ ಅಷ್ಟೇ. ಸತ್ತು ಮತ್ತೆ ಚಿಗುರುವ ಬಾಬಿಲೋನಿನ ತಮ್ಮೂಜ್ ದೇವರನ್ನು ಹಿಡಿದು ಬರೆದ ಒಂದು ಗುಂಪಿನ ಕವಿಗಳಿಗೆ ‘ತಮ್ಮೂಜಿ ಕವಿಗಳು’ ಅಂತ ಹೆಸರಿಟ್ಟವರು ಇವರೇ. ಅಸ್ ಸಯ್ಯಾಬ್, ಅದೋನಿಸ್ ಎಲ್ಲ ಆ ಗುಂಪಿನವರು. ಜಬ್ರಾರ ಮೊದಲ ಸಂಕಲನ ‘ತಮ್ಮೂಜ್ ಫಿಲ್ ಮದೀನಾ’ (ನಗರದಲ್ಲಿ ತಮ್ಮೂಜ್) ಬಂದದ್ದು 1959ರಲ್ಲಿ. ಛಂದಸ್ಸನ್ನು ಪೂರ್ತಿ ಬಿಟ್ಟು ಬರೆದರು ಅಂತ ಹಳಬರಿಗೆ ಸಿಟ್ಟು. ನನ್ನನ್ನು ಕೇಳಿದರೆ ಅವರ ಪದ್ಯಕ್ಕಿಂತ ಕಾದಂಬರಿ, ವಿಮರ್ಶೆಗಳ ತೂಕವೇ ಜಾಸ್ತಿ. ಆದರೆ ಪದ್ಯ ಬರೆಯದಿದ್ದರೆ ಆ ವಿಮರ್ಶೆ ಹಾಗೆ ಬರುತ್ತಿರಲಿಲ್ಲ. ಹಾಗಾಗಿ ನಿಮ್ಮ ಮೇಷ್ಟ್ರ ಮಾತಿಗೆ ತಲೆ ಕೆಡಿಸಿಕೊಳ್ಳಬೇಡ.

ಈಗ ನಿನ್ನ ಬರವಣಿಗೆ. ಕಳಿಸಿದ ಮೂರು ಲೇಖನ ಓದಿದೆ. ‘ಅಸ್ಮಿತೆ’, ‘ಅವಕಾಶ’, ‘ಸಂವಾದ’ ತುಂಬಾ ಇವೆ, ಚಿತ್ರವೇ ಕಾಣಲಿಲ್ಲ ಕಣೇ. ಎಷ್ಟು ದೊಡ್ಡದು? ಎಣ್ಣೆ ಬಣ್ಣವಾ, ಜಲವರ್ಣವಾ? ಎಡ ಮೂಲೆಯಲ್ಲಿ ಏನಿದೆ? ಮೊದಲು ಅದನ್ನು ಬರೆ, ಅಭಿಪ್ರಾಯ ಆಮೇಲೆ ಬರಲಿ. ಇದು ಸುಮ್ನೆ ಹೇಳೋ ಮಾತಲ್ಲ. 2003ರ ಯುದ್ಧದಲ್ಲಿ ಬಾಗ್ದಾದಿನ ಆಧುನಿಕ ಕಲೆಯ ಸಂಗ್ರಹಾಲಯ ಲೂಟಿಯಾಗಿ ಸಾವಿರಾರು ಕೃತಿಗಳು ಹೋದವು. 2010ರ ಏಪ್ರಿಲ್‌ನಲ್ಲಿ ಮನ್ಸೂರ್ ಬಡಾವಣೆಯಲ್ಲಿದ್ದ ಜಬ್ರಾರ ಮನೆಯೂ ಕಾರ್ ಬಾಂಬಿಗೆ ಸಿಕ್ಕಿ ನೆಲಸಮವಾಯಿತು. ಬಾಂಬಿಟ್ಟವರ ಗುರಿ ಪಕ್ಕದ ಈಜಿಪ್ಟ್ ಕಾನ್ಸುಲೇಟ್. ಮನೆಯಲ್ಲಿದ್ದ ಕಾಗದಪತ್ರ, ಗೆಳೆಯರ ಚಿತ್ರಗಳು ಅದರ ಜೊತೆಗೇ ಹೋದವು. ಹೀಗೆ ಹೋದ ಚಿತ್ರ ಹೇಗಿತ್ತು ಅಂತ ಇವತ್ತು ಯಾರಾದರೂ ಕೇಳಿದರೆ, ಅದನ್ನು ಕಣ್ಣಾರೆ ಕಂಡು ಬರೆದವರ ಸಾಲುಗಳನ್ನೇ ಹುಡುಕಬೇಕು. ಅದರಲ್ಲಿ ಬರೀ ‘ಸಂವಾದ’ ಇದ್ದರೆ ಏನು ಪ್ರಯೋಜನ?

ಇನ್ನು ಕೆಲಸ. ಜಬ್ರಾ ಬಹಳ ವರ್ಷ ತೈಲ ಕಂಪನಿಯ ಪ್ರಚಾರ ವಿಭಾಗದಲ್ಲಿ ಸಂಬಳಕ್ಕೆ ದುಡಿದವರು. ಆ ನೌಕರಿ ಇಟ್ಟುಕೊಂಡೇ ಕಾದಂಬರಿ ಬರೆದರು, ಶೇಕ್ಸ್‌ಪಿಯರನ ನಾಟಕಗಳನ್ನು ಅರಬ್ಬಿಗೆ ತಂದರು. ಆದ್ದರಿಂದ ನಿನ್ನಪ್ಪನ ಜೊತೆ ಹಟ ಬೇಡ. ಕೈಯಲ್ಲಿ ನಾಲ್ಕು ಕಾಸಿದ್ದರೆ ಯಾವ ಗ್ಯಾಲರಿಯವರ ಮುಲಾಜೂ ಇಲ್ಲದೆ ಬರೆಯಬಹುದು. ಸೇರುವ ಮುಂಚೆ ಶನಿವಾರ ರಜಾ ಇದೆಯಾ ಅಂತ ಮಾತ್ರ ಸರಿಯಾಗಿ ಕೇಳಿಕೋ.

ಅವರ ಬಾಲ್ಯದ ನೆನಪುಗಳು ಇಂಗ್ಲಿಷಿನಲ್ಲಿ ‘ದಿ ಫಸ್ಟ್ ವೆಲ್’ ಅಂತ ಬಂದಿದೆ. ನನ್ನ ಪ್ರತಿ ಕೊರಿಯರ್ ಮಾಡ್ತೀನಿ, ವಾಪಸ್ ಬೇಕು. ಮೂರು ಲೇಖನಗಳಲ್ಲಿ ಎರಡನೆಯದನ್ನು ತಿದ್ದಿ ಕಳಿಸು, ಅದರಲ್ಲಿ ಜೀವ ಇದೆ. ನಿನ್ನಪ್ಪನಿಗೆ ಭಾನುವಾರ ನಾನೇ ಫೋನ್ ಮಾಡ್ತೀನಿ. ಅಲ್ಲಿವರೆಗೆ ಅವನ ಹತ್ತಿರ ಏನೂ ಮಾತೆತ್ತಬೇಡ.

ಇಂತಿ,
ನಿನ್ನ ದೊಡ್ಡಪ್ಪ