ಬೈದವರಿಗೆಲ್ಲ ಒಂದು ದೊಡ್ಡ ಥ್ಯಾಂಕ್ಸ್

ಕಳೆದ ಭಾನುವಾರ ಬೆಳಿಗ್ಗೆ ನನ್ನ 1968ರ ಡಾಡ್ಜ್ ಚಾರ್ಜರ್, ಅಂದರೆ ಹಳೇ ಅಮೆರಿಕನ್ ಕಾರು, ಸ್ವಂತ ಬಲದಿಂದ ಗ್ಯಾರೇಜಿನ ಹೊರಗೆ ಬಂತು. ಯಾರೂ ತಳ್ಳಲಿಲ್ಲ, ಹಗ್ಗ ಕಟ್ಟಿ ಎಳೆಯಲಿಲ್ಲ. ಇಷ್ಟಕ್ಕೆ ಆರು ವರ್ಷ ಹಿಡಿಯಿತು. ಫೋಟೋ ನೋಡಿದವರೆಲ್ಲ "ಭೇಷ್, ಸಾಧಿಸಿಬಿಟ್ಟೆ" ಅನ್ನುತ್ತಿದ್ದಾರೆ, ಕೇಳೋಕೆ ಖುಷಿಯೇ, ಆದರೆ ಸುಳ್ಳು ಹೇಳಬಾರದಲ್ವಾ, ಈ ಕಾರು ಉಳಿದದ್ದು ನನ್ನನ್ನು ಹೊಗಳಿದವರಿಂದಲ್ಲ, ಬೈದವರಿಂದ.

ಮೊದಲು ಅಣ್ಣನಿಗೆ. ಚಿಕ್ಕವರಿದ್ದಾಗ ನಮ್ಮಿಬ್ಬರಿಗೂ ಸೇರಿ ಒಂದೇ ಒಂದು ಆಟಿಕೆ ಚಾರ್ಜರ್ ಇತ್ತು, ಬೆರಳುದ್ದದ್ದು, ಒಂದು ಚಕ್ರ ಕಳೆದುಹೋಗಿತ್ತು. "ಇದಕ್ಕೆ ಕಣ್ಣೇ ಇಲ್ವಲ್ಲೋ" ಅಂತ ನಾನು ಕೇಳಿದರೆ, "ಮಲಗಿದೆ ಕಣೋ, ಎಬ್ಬಿಸಬೇಡ" ಅಂತ ಗದರಿ ಕಿತ್ತುಕೊಳ್ಳುತ್ತಿದ್ದ. ನಿಜವಾದ ಕಾರಿನಲ್ಲೂ ಹೆಡ್‌ಲೈಟುಗಳು ಮುಚ್ಚಳದ ಹಿಂದೆ ಅಡಗಿರುತ್ತವೆ, ಎಂಜಿನ್ ಗಾಳಿ ಎಳೆಯುವ ಬಲದಿಂದ, ಅಂದರೆ ವ್ಯಾಕ್ಯೂಮ್‌ನಿಂದ, ಆ ಮುಚ್ಚಳ ತೆರೆಯುತ್ತದೆ ಅಂತ ಗೊತ್ತಾಗುವಷ್ಟರಲ್ಲಿ ನನಗೆ ಮೀಸೆ ಬಂದಿತ್ತು.

ಆಮೇಲೆ ವೆಲ್ಡಿಂಗ್ ಮಾಡಿದ ಗೆಳೆಯನಿಗೆ. ಈ ಕಾರಿನ ಚಂದವೆಲ್ಲ ಹಿಂದುಗಡೆ ಇದೆ. ಎರಡೂ ಬದಿಯಲ್ಲಿ ಛಾವಣಿ ಇಳಿಜಾರಾಗಿ ಹಿಂದಕ್ಕೆ ಹರಿದುಹೋಗುತ್ತದೆ, ಹಿಂದಿನ ಗಾಜು ಮಾತ್ರ ನಡುವೆ ಒಳಗೆ ಸರಿದು ಕೂತಿರುತ್ತದೆ. ರೋಗವೂ ಅಲ್ಲೇ. ಆ ತಗ್ಗಿನಲ್ಲಿ ನೀರು ನಿಲ್ಲುತ್ತದೆ, ಗಾಜಿನ ಕೆಳಗಿನ ತಗಡು ತುಕ್ಕು ಹಿಡಿಯುತ್ತದೆ, ನೀರು ಡಿಕ್ಕಿಗೆ ಇಳಿದು ಅದರ ತಳವನ್ನೂ ತಿನ್ನುತ್ತದೆ. ನಾನು ಏನು ಮಾಡಿದ್ದೆ ಗೊತ್ತಾ? ತುಕ್ಕಿನ ಮೇಲೆ ಪುಟ್ಟಿ ಮೆತ್ತಿ, ಮರಳು ಕಾಗದದಲ್ಲಿ ಉಜ್ಜಿ ಉಜ್ಜಿ ಕನ್ನಡಿ ಮಾಡಿದ್ದೆ. ಎಲ್ಲರೂ ಸೂಪರ್ ಅಂದರು. ಇವನು ಬಂದು ಒಂದು ಮಾತೂ ಆಡದೆ ಸ್ಕ್ರೂಡ್ರೈವರ್ ತೆಗೆದು ಚುಚ್ಚಿದ, ಅದು ಹಿಡಿಯವರೆಗೂ ಒಳಗೆ ಹೋಯಿತು. "ಇದು ರಿಪೇರಿ ಅಲ್ಲ, ಮೇಕಪ್ಪು" ಅಂದ. ಎರಡು ದಿನ ಅವನ ಜೊತೆ ಮಾತು ಬಿಟ್ಟಿದ್ದೆ. ಆಮೇಲೆ ಹನ್ನೊಂದು ವಾರಾಂತ್ಯ ಅವನೇ ಬಂದು ಕೊಳೆತದ್ದನ್ನೆಲ್ಲ ಕತ್ತರಿಸಿ ಹೊಸ ತಗಡು ಕೂರಿಸಿಕೊಟ್ಟ.

ಚಕ್ರ ಬಿಚ್ಚುವಾಗ ಬೈದ ಹಿರಿಯ ಮೆಕ್ಯಾನಿಕ್‌ಗೂ ನಮಸ್ಕಾರ. ಆ ಕಾಲದಲ್ಲಿ ಡಾಡ್ಜ್ ಮಾಡುತ್ತಿದ್ದ ಕ್ರೈಸ್ಲರ್ ಕಂಪನಿಯ ಕಾರುಗಳಿಗೆ ಎಡಗಡೆ ಚಕ್ರದ ನಟ್ಟುಗಳು ಉಲ್ಟಾ ಥ್ರೆಡ್ಡಿನವು. ಬಿಚ್ಚಬೇಕಾದರೆ ಬಲಕ್ಕೆ ತಿರುಗಿಸಬೇಕು. ನಾನು ಉದ್ದನೆಯ ಪೈಪು ಸಿಕ್ಕಿಸಿ ಮೈಯೆಲ್ಲ ಭಾರ ಹಾಕಿ ಎಡಕ್ಕೆ ತಿರುವಿ ನಟ್ಟು ಕೂರುವ ಎರಡು ಸ್ಟಡ್ ಮುರಿದೆ. "ಅಲ್ಲಿ ಎಲ್ ಅಂತ ಅಕ್ಷರ ಇದೆ, ಓದೋಕೆ ಬರಲ್ವಾ" ಅಂದರು. ಬರುತ್ತಿತ್ತು, ನೋಡಿರಲಿಲ್ಲ ಅಷ್ಟೇ.

ಮೂರನೇ ವರ್ಷ ಕೆಲಸ ಹೋಯಿತು. ಅದರ ಬಗ್ಗೆ ಜಾಸ್ತಿ ಬರೆಯಲ್ಲ. ಎಂಟು ತಿಂಗಳು ಗ್ಯಾರೇಜಿನ ಬಾಗಿಲು ತೆಗೆಯಲಿಲ್ಲ, ಮಾರಿಬಿಡೋಣ ಅಂತ ಜಾಹೀರಾತೂ ಬರೆದಿಟ್ಟಿದ್ದೆ. ನನ್ನ ಹೆಂಡತಿ ಅದನ್ನು ಓದಿ, ಎರಡು ಕಾಗುಣಿತ ತಪ್ಪು ತಿದ್ದಿ, ಹರಿದು ಹಾಕಿದಳು.

ಅವಳದ್ದೇ ಇನ್ನೊಂದು ಬೈಗುಳ. ಹೊಸ ಕೆಲಸ ಸಿಕ್ಕ ಮೇಲೆ ತಲೆ ತಿರುಗಿ, ಇರುವ 383 ಘನ ಅಂಗುಲದ ಎಂಜಿನ್ ತೆಗೆದು ಅದಕ್ಕಿಂತ ದೊಡ್ಡ, 375 ಅಶ್ವಶಕ್ತಿಯ 440 ಮ್ಯಾಗ್ನಮ್ ಎಂಜಿನ್ ಹಾಕುತ್ತೇನೆ, ಜೋರು ಮಾಡೆಲ್ಲಿಗೆ ಹಾಕುವ ಆರ್‌/ಟಿ ಬ್ಯಾಡ್ಜ್ ಅಂಟಿಸುತ್ತೇನೆ ಅಂತ ಕುಣಿಯುತ್ತಿದ್ದೆ. "ನಿನಗೆ ಬೇಕಾಗಿದ್ದು ಈ ಕಾರಾ, ಇದರ ಜಂಬಾನಾ?" ಅಂದಳು. 383 ಅಂದರೂ 6.3 ಲೀಟರ್, 330 ಅಶ್ವಶಕ್ತಿ, ನನ್ನಂಥವನಿಗೆ ಅದೇ ಹೆಚ್ಚು. ಅದೇ ಉಳಿಯಿತು.

ಎಂಜಿನ್ನಿನ ಸಿಲಿಂಡರ್ ಕೊರೆದು ಬೋರ್ ಮಾಡಿಕೊಟ್ಟವರು ಕೊನೆಯದಾಗಿ ಬೈದರು, ಅದೂ ಮುಂಗಡವಾಗಿ. ಹೊಸ ಕ್ಯಾಮ್ (ವಾಲ್ವ್ ತೆರೆಸುವ ದಂಡ) ಹಾಕಿದ ಇಂಥ ಎಂಜಿನ್ನನ್ನು ಮೊದಲ ಸಲ ಶುರು ಮಾಡಿದಾಗ ನಿಧಾನವಾಗಿ ಐಡಲ್‌ನಲ್ಲಿ ಬಿಡಬಾರದು, ಸುಮಾರು 20 ನಿಮಿಷ 2,000 ಆರ್‌ಪಿಎಮ್‌ಗಿಂತ ಮೇಲೆ ಓಡಿಸಬೇಕು, ಯಾಕಂದರೆ ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕ್ ಜೋರಾಗಿ ತಿರುಗಿದರೇನೇ ಕ್ಯಾಮ್ ಮೇಲೆ ಸಾಕಷ್ಟು ಎಣ್ಣೆ ಸಿಡಿಯೋದು. "ಸದ್ದು ಕೇಳಿ ಕಣ್ಣೀರು ಹಾಕ್ತಾ ನಿಂತರೆ ಕ್ಯಾಮ್ ಸವೆದು ಹೋಗುತ್ತೆ, ಆಮೇಲೆ ಅಳು" ಅಂದಿದ್ದರು. ಆಮೇಲೇ ಅತ್ತೆ. ಆ 20 ನಿಮಿಷ ಸಹಿಸಿಕೊಂಡ ಅಕ್ಕಪಕ್ಕದ ಮನೆಯವರೇ, ನಿಮಗೂ ಥ್ಯಾಂಕ್ಸ್, ಕ್ಷಮೆಯೂ ಇರಲಿ.

ಭಾನುವಾರ ಅಣ್ಣ ಬಂದಿದ್ದ. ಲೈಟ್ ಹಾಕು ನೋಡೋಣ ಅಂದ. ಹಾಕಿದೆ. ಬಲಗಡೆಯ ಮುಚ್ಚಳ ತೆರೆಯಿತು, ಎಡಗಡೆಯದು ಅಲ್ಲಾಡಲಿಲ್ಲ, ವ್ಯಾಕ್ಯೂಮ್ ಪೈಪು ಎಲ್ಲೋ ಸೋರುತ್ತಿದೆ. ನಾನು ಬಾನೆಟ್ ಎತ್ತಲು ಇಳಿಯುತ್ತಿದ್ದರೆ ಅವನು ಕೈ ಹಿಡಿದು ಕೂರಿಸಿದ.

"ಬಿಡೋ, ಈಗ ತಾನೇ ಅರ್ಧ ಎದ್ದಿದೆ."