ಹಳೆಯ ಚಾಕುವನ್ನು ದಯವಿಟ್ಟು ಉಜ್ಜಬೇಡಿ

ಸಂಪಾದಕರಿಗೆ ನಮಸ್ಕಾರ.

ಹಳೆಯ ಲೋಹದ ವಸ್ತುಗಳನ್ನು ಮಾರುವ ಮುಂಚೆ ಚೆನ್ನಾಗಿ ಉಜ್ಜಿ, ಹೊಳಪಿದ್ದರೆ ಒಳ್ಳೆ ಬೆಲೆ ಬರುತ್ತದೆ ಅಂತ ನಿಮ್ಮ ಪತ್ರಿಕೆಯಲ್ಲಿ ಒಂದು ಸಲಹೆ ಬಂದಿತ್ತು. ಪಾತ್ರೆಗಳಿಗೆ ಅದು ಸರಿ ಇರಬಹುದು. ಮಡಚುವ ಚಾಕುಗಳಿಗೆ ಮಾತ್ರ ಇದಕ್ಕಿಂತ ಕೆಟ್ಟ ಸಲಹೆ ಇಲ್ಲ. ಇಪ್ಪತ್ತು ವರ್ಷದಿಂದ ಇಂಥ ಚಾಕುಗಳನ್ನು ಕೂಡಿಡುತ್ತಿದ್ದೇನೆ. ಉಜ್ಜಿ ಕೆಡಿಸಿದ ಅನುಭವವೂ ನನಗಿದೆ.

ನಾನು ಕೆಡಿಸಿದ್ದು ಅಮೆರಿಕದ ಕೇಸ್ ಕಂಪನಿಯ ಚಾಕು. ಅಲಗಿನ ಬುಡದಲ್ಲಿ 6254 ಎಂಬ ನಂಬರ್ ಇತ್ತು. ಅದರಲ್ಲಿ 6 ಅಂದರೆ ಗೀರು ಕೊರೆದ ಮೂಳೆಯ ಹಿಡಿ, 2 ಅಂದರೆ ಎರಡು ಅಲಗು, 54 ಅಂದರೆ ಮಾದರಿ. ಮೊದಲ ಅಂಕಿ 5 ಆಗಿದ್ದರೆ ಹಿಡಿ ಕೊಂಬಿನದು. ಬುಡದ ಇನ್ನೊಂದು ಬದಿಯಲ್ಲಿ ಕಂಪನಿಯ ಹೆಸರು, ಅದರ ಕೆಳಗೆ ಪುಟ್ಟ ಚುಕ್ಕಿಗಳು. ವರ್ಷ ಗೊತ್ತಾಗುವುದು ಈ ಚುಕ್ಕಿಗಳಿಂದಲೇ. 1970ರಲ್ಲಿ ಹತ್ತು ಚುಕ್ಕಿ ಇಟ್ಟರು. ಆಮೇಲೆ ವರ್ಷಕ್ಕೊಂದು ಕಮ್ಮಿ ಮಾಡುತ್ತಾ ಹೋದರು, 1979ಕ್ಕೆ ಒಂದೇ ಉಳಿಯಿತು. ನನ್ನ ಚಾಕುವಿನಲ್ಲಿ ಆರು ಇದ್ದವು. ಅಂದರೆ 1974.

ಬುಡ ಕಪ್ಪಾಗಿದೆಯಲ್ಲ ಅಂತ, ಸುಮ್ನೆ ಇರಲಾರದೆ ಪಾಲಿಶ್ ಚಕ್ರಕ್ಕೆ ಹಿಡಿದೆ. ಅಕ್ಷರಗಳು ಉಳಿದವು, ಆರೂ ಚುಕ್ಕಿ ಮಾಯವಾದವು. ತಮಾಷೆ ಏನು ಗೊತ್ತಾ? ಇದೇ ಮುದ್ರೆಯನ್ನು ಚುಕ್ಕಿ ಇಲ್ಲದೆ ಕೇಸ್ 1965ರಿಂದ 1969ರವರೆಗೆ ಹಾಕುತ್ತಿತ್ತು. ಒಂದೇ ನಿಮಿಷದಲ್ಲಿ ನನ್ನ ಚಾಕುವಿಗೆ ಐದು ವರ್ಷವಾದರೂ ವಯಸ್ಸು ಏರಿತು!

ನಾನು ತಿಳಿಯದೆ ಮಾಡಿದ್ದನ್ನು ಮೋಸಗಾರರು ಬೇಕಂತಲೇ ಮಾಡುತ್ತಾರೆ. ಹಾಗಾಗಿ ಚುಕ್ಕಿ ಇಲ್ಲದ ಚಾಕು ಕಂಡರೆ ಮೊದಲು ಲೆನ್ಸ್ ತೆಗೆಯಿರಿ. ಚುಕ್ಕಿ ಇರಬೇಕಾದ ಜಾಗ ತುಸು ತಗ್ಗಾಗಿದೆಯಾ? ಅಕ್ಷರಗಳ ಅಂಚು ಸವೆದು ಮೆತ್ತಗಾಗಿದೆಯಾ? ಆಗಿದ್ದರೆ ಯಾರೋ ಕೈಯಾಡಿಸಿದ್ದಾರೆ.

ಇದಕ್ಕಿಂತ ಕಷ್ಟದ್ದು ಎರಡು ಅಲಗಿಗೆ ಎರಡು ಬೇರೆ ಕಾಲದ ಮುದ್ರೆ ಇರುವ ಚಾಕು. ಮುದ್ರೆ ಬದಲಾದ ವರ್ಷ ಕಾರ್ಖಾನೆಯವರು ಮಿಕ್ಕಿದ ಹಳೆಯ ಅಲಗುಗಳನ್ನು ಎಸೆಯಲಿಲ್ಲ, ಹೊಸದರ ಜೊತೆ ಸೇರಿಸಿ ಚಾಕು ಮಾಡಿದರು. ಸಂಗ್ರಹಕಾರರು ಇಂಥವನ್ನು ಹುಡುಕಿಕೊಂಡು ಹೋಗುತ್ತಾರೆ. ಆದರೆ ಮುರಿದ ಅಲಗು ತೆಗೆದು ಬೇರೆ ಚಾಕುವಿನದು ಕೂರಿಸಿದರೂ ನೋಡಲು ಹೀಗೇ ಇರುತ್ತದೆ ಅಲ್ವಾ? ನಾನು ಮೊದಲು ಅಲಗನ್ನು ಹಿಡಿಗೆ ಸೇರಿಸುವ ಪಿನ್ನಿನ ತಲೆ ನೋಡುತ್ತೇನೆ. ಸುತ್ತ ಸುತ್ತಿಗೆ ಪೆಟ್ಟಿನ ಗುರುತು ಇದ್ದರೆ ಚಾಕುವನ್ನು ಬಿಚ್ಚಿದ್ದಾರೆ ಅಂತಲೇ ಲೆಕ್ಕ.

ಫ್ರಾನ್ಸಿನ ಓಪಿನೆಲ್ ಚಾಕುವಿನಲ್ಲಿ ಬೇರೊಂದು ಮೋಜು. ಅಲಗನ್ನು ಭದ್ರ ಮಾಡುವ ಬಳೆ ಅದಕ್ಕೆ ಬಂದದ್ದು 1955ರಲ್ಲಿ. ಅದಕ್ಕೇ ಬಳೆ ಇಲ್ಲದ್ದನ್ನೆಲ್ಲ ಅದಕ್ಕಿಂತ ಹಳೆಯದು ಅಂತ ಮಾರುವವರಿದ್ದಾರೆ. 2ರಿಂದ 5ನೇ ನಂಬರಿನ ಪುಟ್ಟ ಓಪಿನೆಲ್‌ಗಳಿಗೆ ಇವತ್ತಿಗೂ ಬಳೆ ಇಲ್ಲ!

ಬೆಲೆಯ ಬಗ್ಗೆ ಒಂದೇ ಮಾತು. ಅಪರೂಪದ್ದೆಲ್ಲ ದುಬಾರಿ ಅಲ್ಲ, ಬೇಕು ಅನ್ನುವವರೂ ಇರಬೇಕು. ಮಾರುವವರು ಕೇಳಿದ ಬೆಲೆ ಬಿಡಿ, ನಿಜವಾಗಿ ಮಾರಾಟವಾದ ಬೆಲೆ ನೋಡಿ. ಸಾಣೆ ಹಿಡಿದು ಹಿಡಿದು ಅಲಗು ಅರ್ಧ ಸವೆದಿದ್ದರೆ, ಎಷ್ಟೇ ಅಪರೂಪದ ಮುದ್ರೆ ಇದ್ದರೂ ಬೆಲೆ ಬಿದ್ದುಹೋಗುತ್ತದೆ.

ಆ 1974ರ ಚಾಕು ಈಗಲೂ ನನ್ನ ಹತ್ತಿರವೇ ಇದೆ. ನನ್ನ ನಂತರ ಯಾರೂ ಅದನ್ನು 1969ರದು ಅಂತ ಮಾರಬಾರದಲ್ಲ, ಅದಕ್ಕೆ ಡಬ್ಬಿಯಲ್ಲಿ ಒಂದು ಚೀಟಿ ಬರೆದಿಟ್ಟಿದ್ದೇನೆ: ‘ಆರು ಚುಕ್ಕಿ ಇತ್ತು. ಅಳಿಸಿದ್ದು ನಾನೇ.’

ಇಂತಿ,
ಚಾಕು ಕೂಡಿಡುವ ಒಬ್ಬ ಓದುಗ